‘ಮನಿ’ ಅಂತ ಬರೆದ ಮಗು ತಪ್ಪು ಮಾಡಿಲ್ಲ: ಮನೆಯಲ್ಲಿ ಕನ್ನಡ ಬರವಣಿಗೆ ಕಲಿಸುವ ಬಗೆ

ಕೊಪ್ಪಳದ ಕಡೆ ಮಕ್ಕಳ ಓದಿನ ಮಾತು ಬಂದರೆ ತಾಯಂದಿರು ಹೇಳುವುದು ಹೆಚ್ಚುಕಡಿಮೆ ಇದೇ: “ಮೂರನೇ ಕ್ಲಾಸ್ ಅದಾನ್ರೀ. ಅಆಇಈ ಪೂರ್ತಿ ಬಾಯಿಪಾಠ. ಕಾಪಿ ಬರಿ ಅಂದ್ರ ಪುಟಗಟ್ಟಲೆ ಬರೀತಾನ. ಸ್ವಂತ ಒಂದ್ ಸಾಲು ಬರಿ ಅಂದ್ರ ಮಾತ್ರ ಪೆನ್ಸಿಲ್ ಕಡಕೋತ ಕುಂದರ್ತಾನ.”

ಈ ಹುಡುಗನಿಗೆ ಬುದ್ಧಿ ಕಡಿಮೆ ಇಲ್ಲ. ಮಾತಂತೂ ಕಡಿಮೆ ಇಲ್ಲವೇ ಇಲ್ಲ. ಜಾತ್ರೆಯಿಂದ ಬಂದ ದಿನ ಅವನ ಬಾಯಿ ಮುಚ್ಚಿಸೋಕೆ ಆಗುತ್ತಾ? ತೊಂದರೆ ಇರುವುದು ಬೇರೆ ಕಡೆ. “ಒಂದು ಸಾಲು ಬರಿ” ಅಂದಾಗ ನಾವು ಅವನ ಮೇಲೆ ಮೂರು ಕೆಲಸ ಹೇರುತ್ತೇವೆ. ಏನು ಹೇಳಬೇಕು ಅಂತ ಅವನು ಯೋಚಿಸಬೇಕು. ಅದನ್ನು ಮನೆಯ ಮಾತಿನಿಂದ ಪುಸ್ತಕದ ಮಾತಿಗೆ ತಿರುಗಿಸಬೇಕು. ಆಮೇಲೆ ಒಂದೊಂದು ಸದ್ದಿಗೂ ಅಕ್ಷರ, ಗುಣಿತ, ಒತ್ತು ಹುಡುಕಿ ಕೈಯಿಂದ ಬರೆಯಬೇಕು. ನಮಗೆ ಇದು ಒಂದೇ ಕೆಲಸದ ಹಾಗೆ ಕಾಣುತ್ತದೆ, ಯಾಕೆಂದರೆ ನಾವು ಎಂದೋ ಕಲಿತು ಮರೆತಿದ್ದೇವೆ. ಮೂರನ್ನೂ ಬಿಡಿಸಿಟ್ಟು ಒಂದೊಂದಾಗಿ ಕೈಗೆ ಕೊಟ್ಟರೆ ಅದೇ ಹುಡುಗ ಬರೆಯುತ್ತಾನೆ. ಶಾಲೆಯಲ್ಲಿ ಒಬ್ಬ ಶಿಕ್ಷಕರ ಮುಂದೆ ಮೂರು ತರಗತಿಯ ಮಕ್ಕಳು ಕೂತಿರುವಾಗ ಇಷ್ಟು ಬಿಡಿಬಿಡಿಯಾಗಿ ನೋಡುವುದು ಕಷ್ಟ. ಮನೆಯಲ್ಲಿ ಆಗುತ್ತದೆ.

ಅಕ್ಷರ ಬಂತು, ಓದು ಯಾಕೆ ಬರಲಿಲ್ಲ?

ಮೊದಲು ಅಕ್ಷರದ ಲೆಕ್ಕ ನೋಡೋಣ. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಇಷ್ಟು ಬಂದರೆ ಕನ್ನಡ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಕಥೆಪುಸ್ತಕದ ಯಾವುದೇ ಸಾಲು ತೆಗೆದು ನೋಡಿ. ಬರೀ ಅ, ಕ, ಗ ಇರುವ ಪದ ಎಷ್ಟಿವೆ? ಮಗುವಿನ ಕಣ್ಣಿಗೆ ಬೀಳುವುದು ಕಾಗುಣಿತ. 34 ವ್ಯಂಜನಕ್ಕೆ 15 ರೂಪ ಅಂದರೆ 510. ಅದರ ಮೇಲೆ ಒತ್ತಕ್ಷರಗಳು. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೆ ಗುರುತಿಸುವ ಕೆಲಸ ಮುಗಿಯಿತು (ಸ್ಪೆಲಿಂಗ್‌ನ ಗೋಳು ಬೇರೆ). ಕನ್ನಡದಲ್ಲಿ ಗುರುತಿಸುವ ಕೆಲಸವೇ ವರ್ಷಗಟ್ಟಲೆ ನಡೆಯುತ್ತದೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಕೂಡ ಇದನ್ನೇ ಹೇಳುತ್ತದೆ: ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಹಾಗಾಗಿ ಒಂದನೇ ತರಗತಿಯ ಮಗು ತಡವರಿಸಿದರೆ ಗಾಬರಿ ಬೀಳಬೇಡಿ.

ಇನ್ನೊಂದು ವಿಷಯ ಕ್ರಮದ್ದು. ಅ ಆ ಇ ಈ ಅಂತ ಸಾಲಾಗಿ ಕಲಿತ ಮಗು ಹದಿನೈದು ಅಕ್ಷರ ಮುಗಿಸಿದರೂ ಅವುಗಳಿಂದ ಒಂದು ಪದ ಕಟ್ಟಲು ಆಗುವುದಿಲ್ಲ. ಬರೀ ಸ್ವರದಲ್ಲಿ ಏನು ಪದ ಕಟ್ಟುತ್ತೀರಿ? ನಲಿಕಲಿ ಪದ್ಧತಿ ಇದನ್ನು ಸರಿಯಾಗಿ ಹಿಡಿಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗೆ ಬಂತು. ಅದರಲ್ಲಿ ಮೊದಲ ಗುಂಪು ರ ಗ ಸ ದ ಅ. ಆಮೇಲಿನದು ಜ ವ ಮ ಬ ನ. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಆಗುತ್ತದೆ. ಹತ್ತಕ್ಕೆ ಮರ, ಜನ, ದನ, ನಗರ, ಬಸವ. “ಬಸವನ ದನ” ಅಂದರೆ ಅರ್ಥ ಇರುವ ಮಾತೇ ಆಯಿತಲ್ವಾ? ಮಗು ಕಲಿಯುತ್ತಲೇ ಓದುತ್ತದೆ. ನಿಮ್ಮ ಮಗು ನಲಿಕಲಿ ತರಗತಿಯಲ್ಲಿದ್ದರೆ ಮನೆಯಲ್ಲಿ “ಮೊದಲು ಅಆಇಈ ಹೇಳು” ಅಂತ ಜಗ್ಗಬೇಡಿ. ಶಾಲೆಯ ಕ್ರಮದಲ್ಲೇ ಹೋಗಲಿ.

ಕಾಗುಣಿತವನ್ನು ನಾವೆಲ್ಲ ರಾಗವಾಗಿ ಹಾಡಿದವರೇ. ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ. ಹಾಡು ಚೆನ್ನಾಗಿಯೇ ಇದೆ. ಆದರೆ ಹಾಡಿನಲ್ಲಿ ಕಲಿತ ಮಗುವಿಗೆ ‘ಕೊ’ ಬೇಕಾದರೆ ಕ ಇಂದ ಶುರುಮಾಡಿ ಕೊ ತನಕ ಓಡಬೇಕು. ಅದಕ್ಕೇ ಉದ್ದಸಾಲು ಬಿಟ್ಟು ಅಡ್ಡಸಾಲು ಮಾಡಿಸಿ. ಒಂದು ವಾರ ಬರೀ ಗುಡಿಸು: ಕಿ, ಗಿ, ನಿ, ರಿ, ಮಿ, ತಿ, ಣಿ. ಅದರಿಂದ ಗಿರಿ, ನರಿ, ಮರಿ, ಗಿಣಿ. ಇನ್ನೊಂದು ವಾರ ಕೊಂಬು. ಗುರುತು ಒಂದೇ, ಅಕ್ಷರ ಬದಲಾಗುತ್ತದೆ ಅನ್ನುವುದು ಹೀಗೆ ಮಾಡಿದಾಗ ಮಗುವಿಗೆ ಹೊಳೆಯುತ್ತದೆ. ಒಮ್ಮೆ ಹೊಳೆಯಿತೋ, 510 ಅನ್ನುವ ಬೆಟ್ಟ ಅರ್ಧಕ್ಕರ್ಧ ಕರಗಿದ ಹಾಗೆ.

ಎಲ್ಲೆಲ್ಲಿ ಮಗು ಎಡವುತ್ತದೆ ಅಂತಲೂ ಗೊತ್ತಿರಲಿ. ಕು, ಗು, ಸು ಇವುಗಳಲ್ಲಿ ಕೊಂಬು ಬಲಗಡೆ ಅಂಟಿಕೊಳ್ಳುತ್ತದೆ. ಪು, ವು ಬಂದರೆ ಕೆಳಗಿಳಿಯುತ್ತದೆ. ಯಾಕೆಂದರೆ ವ ಪಕ್ಕಕ್ಕೆ ಕೊಂಬು ಹಾಕಿದರೆ ಅದು ಮ ಆಗಿಬಿಡುತ್ತದೆ. “ಹಾವು” ಬರೆಯಲು ಹೋಗಿ “ಹಾಮ” ಬರೆಯುವ ಮಗು ನಿಯಮವನ್ನು ಸರಿಯಾಗಿ ಕಲಿತೇ ತಪ್ಪಿದೆ. ಅದಕ್ಕೆ ಬೈಯುವ ಬದಲು ವು, ಮ ಎರಡನ್ನೂ ಅಕ್ಕಪಕ್ಕ ದೊಡ್ಡದಾಗಿ ಬರೆದು ತೋರಿಸಿ. ದೀರ್ಘಕ್ಕೂ ಇಂಥದೇ ಜೋಡಿ ಬೇಕು: ಮರಿ-ಮಾರಿ, ನಡು-ನಾಡು, ಬಿಡು-ಬೀಡು, ಕುಡಿ-ಕೂಡಿ, ಕೊಡು-ಕೋಡು. ಮೊದಲು ಕಿವಿಗೆ ವ್ಯತ್ಯಾಸ ಕೇಳಿಸಲಿ, ಆಮೇಲೆ ಕೈ.

ಬಸ್ ಬೋರ್ಡಿನಲ್ಲಿ ಒತ್ತಕ್ಷರ

ಒತ್ತಕ್ಷರಕ್ಕೆ ಬಂದಾಗ ಬಹಳ ಮಕ್ಕಳು ನಿಂತುಬಿಡುತ್ತಾರೆ. ಇದಕ್ಕೆ ಎರಡು ಕಾರಣ ನನಗೆ ಕಾಣುತ್ತವೆ.

ಒಂದು, ಬಹುಪಾಲು ಒತ್ತುಗಳು ಮೂಲ ಅಕ್ಷರದ ಹಾಗೇ ಇರುತ್ತವೆ. ತಲೆಕಟ್ಟು ತೆಗೆದು ಚಿಕ್ಕದಾಗಿ ಕೆಳಗೆ ಬರೆದರೆ ಆಯಿತು. ಕ, ಗ, ಪ, ಳ ಎಲ್ಲ ಹೀಗೇ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ವಿಪರ್ಯಾಸ ಏನಪ್ಪ ಅಂದರೆ ದಿನಾ ಬಳಸುವ ಪದಗಳಲ್ಲಿ ಇವೇ ಜಾಸ್ತಿ: ಹತ್ತು, ಅನ್ನ, ಅಮ್ಮ, ವಿದ್ಯೆ, ಚಕ್ರ, ಎಲ್ಲ. ಹಾಗಾಗಿ ಈ ಆರನ್ನು ಮಾತ್ರ ಬೇರೆ ತೆಗೆದು ಗೋಡೆಗೆ ಅಂಟಿಸಿ. ಉಳಿದವು ತಾವಾಗಿಯೇ ಬರುತ್ತವೆ.

ಎರಡನೇದು ಇನ್ನೂ ಸೂಕ್ಷ್ಮ. ‘ಮಸ್ಕಿ’ ಅನ್ನುವ ಊರಿನ ಹೆಸರು ನೋಡಿ. ಗುಡಿಸು ಇರುವುದು ಮೇಲಿನ ಸ ಮೇಲೆ. ಆದರೆ ಬಾಯಲ್ಲಿ ‘ಇ’ ಬರುವುದು ಕೆಳಗಿನ ಕ ಆದ ಮೇಲೆ. ಕಣ್ಣು ‘ಸಿ’ ಅನ್ನುತ್ತದೆ, ಬಾಯಿ ‘ಸ್ಕಿ’ ಅನ್ನಬೇಕು. ಮಗು “ಮಸಿಕ” ಅಂತ ಓದಿದರೆ ಅದು ಕಂಡದ್ದನ್ನು ಕಂಡ ಹಾಗೇ ಓದಿದೆ. ಇನ್ನು ‘ದೇವದುರ್ಗ’ದಲ್ಲಿ ಅರ್ಕಾವೊತ್ತು. ಬಾಯಿ ಮೊದಲು ಹೇಳುವ ರ್ ಕೈಯಲ್ಲಿ ಕೊನೆಗೆ ಬರುತ್ತದೆ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗುವಿಗೆ ತಿಳಿಯುವುದಾದರೂ ಹೇಗೆ? ಬೆರಳಿಟ್ಟು ತೋರಿಸಿ: “ಮೊದಲು ಸ್ ಅನ್ನು, ಕೆಳಗೆ ಇಳಿದು ಕ್ ಅನ್ನು, ಈಗ ಮೇಲೆ ಹೋಗಿ ಗುಡಿಸು ತಗೊ.” ನಾಲ್ಕು ಸಲ ಬೆರಳು ಓಡಿದರೆ ಸಾಕು.

ಇದನ್ನು ಕಲಿಸಲು ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯ ಊರುಗಳ ಹೆಸರೇ ಒಳ್ಳೆ ಪಾಠ. ಕನಕಗಿರಿ, ಕಾರಟಗಿ, ಮಾನವಿ, ಕುಕನೂರು, ರಾಯಚೂರು: ಇವುಗಳಲ್ಲಿ ಒತ್ತೇ ಇಲ್ಲ, ಬರೀ ಗುಣಿತ. ಆಮೇಲೆ ಸೊನ್ನೆ ಇರುವ ಗಂಗಾವತಿ, ಸಂಡೂರು, ಸಿಂಧನೂರು, ಲಿಂಗಸುಗೂರು. ಆಮೇಲೆ ಅದದೇ ಅಕ್ಷರದ ಒತ್ತು ಇರುವ ಕೊಪ್ಪಳ, ಬಳ್ಳಾರಿ, ಸಿರುಗುಪ್ಪ. ಆಮೇಲೆ ಬೇರೆ ಅಕ್ಷರದ ಒತ್ತು ಬರುವ ಮಸ್ಕಿ, ಕುಷ್ಟಗಿ, ಕಂಪ್ಲಿ. ಕೊನೆಗೆ ದೇವದುರ್ಗ, ಯಲಬುರ್ಗಾ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ “ಯಾವ ಬಸ್ ಬಂತು ನೋಡು” ಅಂದರೆ ಸಾಕು, ಮಗು ತಾನೇ ಓದುತ್ತದೆ. ಓದಿ ಹೇಳಿದ್ದು ತಪ್ಪಾದರೆ ಬೇರೆ ಊರಿಗೆ ಹೋಗುತ್ತೇವೆ ಅನ್ನುವ ಮಜಾ ಬೇರೆ.

ಮಹಾಪ್ರಾಣದ ಬಗ್ಗೆ ಒಂದೇ ಮಾತು. ಖ, ಘ, ಛ, ಝ ಇಂದ ಭ ತನಕ ಹತ್ತು ಅಕ್ಷರ. ನಮ್ಮ ಮಾತಿನಲ್ಲಿ ಇವುಗಳ ಉಸಿರು ಬಹುಪಾಲು ಕೇಳಿಸುವುದೇ ಇಲ್ಲ. ಶ, ಷ, ಸ ಕೂಡ ಹಾಗೇ. ಕೇಳಿಸದ್ದನ್ನು ಕೇಳಿ ಬರೆಯಲು ಆಗುವುದಿಲ್ಲ. ಇವು ಪುಸ್ತಕದಲ್ಲಿ ನೋಡಿ ನೋಡಿ ಕಣ್ಣಿಗೆ ರೂಢಿಯಾಗಬೇಕಾದವು. ಮೂರನೇ ತರಗತಿವರೆಗೆ ಇವುಗಳಿಗಾಗಿ ಮಾರ್ಕ್ಸ್ ಕಳೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

‘ಮನಿ’ ಮತ್ತು ‘ಮನೆ’

ಈಗ ದೊಡ್ಡ ವಿಷಯಕ್ಕೆ ಬರೋಣ. ನಮ್ಮ ಮಗು ಮನೆಯಲ್ಲಿ ಕೇಳುವುದು ‘ಮನಿ’. ಸಾಲಿ, ತಲಿ, ಎಲಿ, ಮಳಿ, ಕುದುರಿ. ಪುಸ್ತಕದಲ್ಲಿ ಇರುವುದು ಮನೆ, ಶಾಲೆ, ತಲೆ, ಎಲೆ, ಮಳೆ, ಕುದುರೆ. ಮಗು ತಾನು ಆಡುವ ಹಾಗೇ ‘ಮನಿ’ ಅಂತ ಬರೆದರೆ ಅದು ಏನು ಮಾಡಿದೆ? ಸದ್ದನ್ನು ಕೇಳಿದೆ, ಬಿಡಿಸಿದೆ, ಮ ಗುರುತಿಸಿದೆ, ನ ಮೇಲೆ ಸರಿಯಾಗಿ ಗುಡಿಸು ಹಾಕಿದೆ. ಬರವಣಿಗೆಯ ಅತಿ ಕಷ್ಟದ ಕೆಲಸ ಇದೇ. ಅದನ್ನು ಮಾಡಿ ತೋರಿಸಿದ ಮಗುವಿನ ಪುಟದ ಮೇಲೆ ಕೆಂಪು ಗೀಟು ಎಳೆದರೆ ಅದಕ್ಕೆ ತಿಳಿಯುವುದು ಒಂದೇ: ನಾನು ಆಡುವ ಮಾತು ಬರೆಯುವುದಕ್ಕೆ ಲಾಯಕ್ಕಿಲ್ಲ. ಆಮೇಲೆ ಅದು ಸುಮ್ನೆ ಕೂರುತ್ತದೆ. ಅಥವಾ ಕಾಪಿ ಮಾಡುತ್ತದೆ, ಅದು ಸುರಕ್ಷಿತ.

ಹಾಗಂತ ಪುಸ್ತಕದ ಕನ್ನಡ ಬೇಡ ಅಂತಲ್ಲ. ಪರೀಕ್ಷೆ, ಅರ್ಜಿ, ಪತ್ರಿಕೆ ಎಲ್ಲ ಅದರಲ್ಲೇ ಇವೆ. ಅದನ್ನು ಎರಡನೇ ಹೆಜ್ಜೆಯಾಗಿ ಕಲಿಸಿ, ಮತ್ತು ಜೋಡಿಯಾಗಿ ಕಲಿಸಿ. “ನಾವು ಅನ್ನೋದು ಮನಿ, ಪುಸ್ತಕದಾಗ ಮನೆ. ನಾವು ಅನ್ನೋದು ತಲಿ, ಪುಸ್ತಕದಾಗ?” ಮೂರ್ನಾಲ್ಕು ಜೋಡಿ ಆಗುವಷ್ಟರಲ್ಲಿ ಮಗು ತಾನೇ ‘ಎಲೆ’, ‘ಮಳೆ’ ಅನ್ನುತ್ತದೆ. ಇದರಲ್ಲಿ ನಿಯಮ ಇದೆ ಅಂತ ಮಗುವಿಗೆ ಗೊತ್ತಾದರೆ ಅದು ಆಟವಾಗುತ್ತದೆ. ಮಗು ಎಲ್ಲ ಕಡೆ ನಿಯಮ ಹಾಕಿ ‘ನರೆ’, ‘ಗಿಣೆ’ ಅಂತ ಮಾಡಿದರೆ ನಕ್ಕು ತಿದ್ದಿ. ಆಮೇಲೆ ‘ಹೊಲದಾಗ’ ಪುಸ್ತಕದಲ್ಲಿ ‘ಹೊಲದಲ್ಲಿ’, ‘ಬಂದಾನ’ ಪುಸ್ತಕದಲ್ಲಿ ‘ಬಂದಿದ್ದಾನೆ’, ‘ಐತಿ’ ಪುಸ್ತಕದಲ್ಲಿ ‘ಇದೆ’. ಈ ಜೋಡಿಗಳಿಗೆ ಒಂದು ಬೇರೆ ನೋಟ್‌ಬುಕ್ ಇಡಿ. ಅದು ತುಂಬುತ್ತಾ ಹೋಗುವುದು ಮಗುವಿಗೇ ಖುಷಿ.

ನಮ್ಮ ಕಡೆಯ ಅಪ್ಪ ಅಮ್ಮಂದಿರು “ನಮ್ದು ಹಳ್ಳಿ ಭಾಷಾ, ಮಕ್ಕಳು ಕೆಡ್ತಾವ” ಅಂತ ಹಿಂಜರಿಯುವುದು ನೋಡಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರಿನ ಹೆಸರು ಹೇಳುತ್ತದೆ. ಅದರಲ್ಲಿ ಒಂದು ಕೊಪಣ, ಅಂದರೆ ನಮ್ಮ ಕೊಪ್ಪಳ. ಇಂಥ ಊರಿನ ಮಗುವಿನ ಎದುರು ಮನೆಯ ಮಾತನ್ನು ಕೀಳು ಅನ್ನಬಾರದು ಅಷ್ಟೇ.

ಮಗು ಹೇಳಲಿ, ನೀವು ಬರೆಯಿರಿ

ಮನೆಯಲ್ಲಿ ಒಂದೇ ಒಂದು ಅಭ್ಯಾಸ ಇಟ್ಟುಕೊಳ್ಳಲು ಆಗುವುದಾದರೆ ಇದನ್ನೇ ಇಟ್ಟುಕೊಳ್ಳಿ. ದಿನಕ್ಕೆ ಹತ್ತು ನಿಮಿಷ. ಮಗು ಏನಾದರೂ ಹೇಳಲಿ, ನೀವು ಅದರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಬೇಡಿ, ಚಂದ ಮಾಡಬೇಡಿ.

ಎರಡನೇ ಕ್ಲಾಸಿನ ಹುಡುಗಿ ಹೀಗೆ ಹೇಳಿದಳು ಅಂತಿಟ್ಟುಕೊಳ್ಳಿ: “ನಿನ್ನಿ ರಾತ್ರಿ ನಮ್ಮ ಎಮ್ಮಿ ಈದೈತಿ. ಕರಕ್ಕ ಹಣಿ ಮ್ಯಾಲ ಬಿಳಿ ಚುಕ್ಕಿ ಐತಿ. ಅದು ಎದ್ದು ನಿಲ್ಲಾಕ ಹೋಗಿ ಬಿತ್ತು. ಅವ್ವ ಗಿಣ್ಣ ಮಾಡ್ಯಾಳ.” ನಾಲ್ಕು ಸಾಲು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವಳ ಮುಂದಿಟ್ಟು ಓದು ಅನ್ನಿ. ಅಕ್ಷರ ಪೂರ್ತಿ ಬರದಿದ್ದರೂ ಓದುತ್ತಾಳೆ, ಯಾಕೆಂದರೆ ಮಾತು ಅವಳದೇ. ಬೆರಳು ಒಂದೊಂದು ಪದದ ಮೇಲೆ ಓಡುವಾಗ ‘ಎಮ್ಮಿ’ ಎಲ್ಲಿದೆ, ‘ಗಿಣ್ಣ’ ಎಲ್ಲಿದೆ ಅಂತ ಕಣ್ಣಿಗೆ ಹತ್ತುತ್ತದೆ. ಬರೆದ ಗುರುತು ಅಂದರೆ ತಾನು ಆಡಿದ ಮಾತು ಅನ್ನುವ ದೊಡ್ಡ ಸಂಗತಿ ಆ ಹೊತ್ತಿಗೆ ಅವಳಿಗೆ ತಿಳಿದಿರುತ್ತದೆ.

ಇಲ್ಲಿಂದ ಎಷ್ಟೊಂದು ಕೆಲಸ ತೆಗೆಯಬಹುದು ನೋಡಿ. ಮರುದಿನ ಆ ಸಾಲುಗಳನ್ನು ಕತ್ತರಿಸಿ ಪದಗಳ ಚೀಟಿ ಮಾಡಿ. ಕಲಸಿಟ್ಟು ಮತ್ತೆ ಜೋಡಿಸು ಅನ್ನಿ. “ಬಿಳಿ ಚುಕ್ಕಿ ಮ್ಯಾಲ ಎಮ್ಮಿ ಐತಿ” ಅಂತ ಜೋಡಿಸಿ ನಕ್ಕರೆ ವಾಕ್ಯ ಹೇಗೆ ಕಟ್ಟುತ್ತದೆ ಅನ್ನುವುದು ಅರ್ಥವಾಗುತ್ತಿದೆ ಅಂತ ತಿಳಿಯಿರಿ. ಇನ್ನೊಂದು ದಿನ ಪ್ರಶ್ನೆ ಕೇಳಿ. ಬಿದ್ದಾಗ ಎಮ್ಮಿ ಏನು ಮಾಡಿತು? “ನೆಕ್ಕಾಕತ್ತಿತ್ತು.” ಎಷ್ಟು ಸಲ ಬಿತ್ತು? ಆಮೇಲೆ ನಿಂತಿತಾ? ಒಂದೊಂದು ಉತ್ತರವೂ ಒಂದೊಂದು ಸಾಲು. ನಾಲ್ಕು ಇದ್ದದ್ದು ಏಳಾಯಿತು. ವಿಷಯವನ್ನು ಬೆಳೆಸಿ ಬರೆಯುವುದು ಅಂದರೆ ಇದೇ, ಪ್ರೌಢಶಾಲೆಯ ಪ್ರಬಂಧದಲ್ಲೂ ಇದೇ. ಕೊನೆಗೆ ಬೇಕಿದ್ದರೆ ಅದನ್ನು ಪುಸ್ತಕದ ಮಾತಿಗೆ ತಿರುಗಿಸುವ ಆಟ: ನಿನ್ನೆ ರಾತ್ರಿ ನಮ್ಮ ಎಮ್ಮೆ ಈದಿದೆ. ಎರಡೂ ಪಕ್ಕಪಕ್ಕ ಇರಲಿ. ಮೊದಲನೆಯದನ್ನು ಅಳಿಸಬೇಡಿ.

ಈ ಸಾಲುಗಳನ್ನು ಗೈಡಿನ ಪ್ರಬಂಧದ ಪಕ್ಕ ಇಟ್ಟು ನೋಡಿ. “ಎಮ್ಮೆ ಒಂದು ಸಾಕು ಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ನಮಗೆ ಹಾಲು ಕೊಡುತ್ತದೆ.” ಇದನ್ನು ಬರೆಯಲು ಎಮ್ಮೆ ನೋಡಿರಲೇಬೇಕು ಅಂತಿಲ್ಲ. ಅಂಥದ್ದನ್ನು ಬಾಯಿಪಾಠ ಮಾಡಿಸಿ ಮಾರ್ಕ್ಸ್ ತಗೊಂಡರೆ ತಗೊಳ್ಳಲಿ, ಆದರೆ ಅದನ್ನು ಬರವಣಿಗೆ ಅಂತ ಕರೆಯುವುದು ಬೇಡ.

ಕೈ ತಿರುಗಿದ ಮೇಲೆ ಮಗುವೇ ಬರೆಯಲಿ. ಆಗ ನಿಮ್ಮ ಕೆಲಸ ತಿದ್ದುವುದು, ಅದೂ ಅಳತೆಯಲ್ಲಿ. ಒಂದು ದಿನಕ್ಕೆ ಒಂದೇ ಬಗೆಯ ತಪ್ಪು ಹಿಡಿಯಿರಿ. ಇವತ್ತು ದೀರ್ಘ ಅಂದರೆ ದೀರ್ಘ ಮಾತ್ರ. ಒತ್ತು ಬಿಟ್ಟುಹೋಗಿದ್ದರೂ ಇವತ್ತು ಕಾಣದ ಹಾಗೆ ಇರಿ. ಎಲ್ಲವನ್ನೂ ಒಂದೇ ದಿನ ತಿದ್ದಿದರೆ ಮಗು ಮಾರನೇ ದಿನ ಗೊತ್ತಿರುವ ನಾಲ್ಕೇ ಪದದಲ್ಲಿ ಬರೆದು ಕೈತೊಳೆದುಕೊಳ್ಳುತ್ತದೆ. ಐದೈದು ಸಲ ಬರೆಸುವ ಶಿಕ್ಷೆಯಿಂದ ಕೈಗೆ ನೋವು ಬರುತ್ತದೆ, ಅಕ್ಷರ ಬರುವುದಿಲ್ಲ. ಐದನೇ ಸಲಕ್ಕೆ ಬರುವಷ್ಟರಲ್ಲಿ ಮಗು ಮೇಲಿನ ಸಾಲನ್ನೂ ನೋಡುತ್ತಿರುವುದಿಲ್ಲ.

ಇನ್ನು ದುಂಡನೆ ಅಕ್ಷರದ ಹುಚ್ಚು. ಕನ್ನಡದ ಅಕ್ಷರಗಳೇ ದುಂಡಗೆ ಇವೆ, ಅದಕ್ಕೆ ಬೆರಳು ತಿರುಗಬೇಕು. ನಾಲ್ಕೈದು ವರ್ಷದ ಮಗುವಿಗೆ ಪೆನ್ಸಿಲ್ ಒತ್ತಾಯ ಮಾಡುವ ಬದಲು ಶೇಂಗಾ ಬಿಡಿಸಲು ಕೂರಿಸಿ. ಜೋಳದ ಹಿಟ್ಟಿನ ಉಂಡೆ ಕೊಡಿ, ತನ್ನ ಪುಟ್ಟ ರೊಟ್ಟಿ ತಟ್ಟಲಿ. ಅಂಗಳದಲ್ಲಿ ರಂಗೋಲಿಯ ಚುಕ್ಕಿ ಸುತ್ತ ಬಳ್ಳಿ ಎಳೆಯಲಿ. ಮೊರದಲ್ಲಿ ತೆಳ್ಳಗೆ ಹಿಟ್ಟು ಹರಡಿ ಬೆರಳಲ್ಲಿ ರ, ಗ ಬರೆಯಲಿ. ಕೈ ಗಟ್ಟಿಯಾದ ಮೇಲೆ ಬಳಪ, ಆಮೇಲೆ ಪೆನ್ಸಿಲ್. ಅಕ್ಷರ ಓದಲು ಬರುವಷ್ಟು ಇದ್ದರೆ ಸಾಕು, ಮುತ್ತು ಪೋಣಿಸಿದ ಹಾಗೆ ಇರಬೇಕಿಲ್ಲ.

ಒಗಟು, ಚೀಟಿ, ಪತ್ರ

ಮಾತು ಬೆಳೆಸಲು ನಮ್ಮ ಅಜ್ಜಿಯರ ಹತ್ತಿರ ಇರುವ ಸಾಮಾನು ಅಂಗಡಿಯಲ್ಲಿ ಸಿಗುವುದಿಲ್ಲ. “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?” ಉತ್ತರ ಮಲ್ಲಿಗೆ. ಆದರೆ ರಾಯಚೂರು ಕಡೆಯ ಮಗು “ಹತ್ತಿ!” ಅಂದರೆ? ಹೊಲದ ತುಂಬ ಹತ್ತಿ ಒಡೆದು ನಿಂತದ್ದನ್ನು ಕಂಡ ಮಗು ಬೇರೆ ಏನು ಹೇಳೀತು. ತಪ್ಪು ಅನ್ನಬೇಡಿ. “ಹೆಂಗ ಅಂತಿ?” ಅಂತ ವಾದಕ್ಕೆ ಎಳೆಯಿರಿ. ಮೊಸರು ಹತ್ತಿಯ ಹಾಗಿರುತ್ತದಾ, ಮಲ್ಲಿಗೆ ಹಾಗಿರುತ್ತದಾ, ಒಡೆದ ಹತ್ತಿ ಗಿಡ ಹಸಿರಾಗಿರುತ್ತದಾ ಒಣಗಿರುತ್ತದಾ? ಕಾರಣ ಕೊಟ್ಟು ಮಾತಾಡುವುದನ್ನು ಮಗು ಹೀಗೆ ಕಲಿಯುತ್ತದೆ. ಆಮೇಲೆ “ನೀನೇ ಒಂದು ಒಗಟು ಕಟ್ಟು” ಅನ್ನಿ. ಹೆಸರು ಹೇಳದೆ ಒಂದು ವಸ್ತುವನ್ನು ಬಣ್ಣಿಸುವುದು ಅಂದರೆ ಅದನ್ನು ಸರಿಯಾಗಿ ನೋಡಲೇಬೇಕು.

ಬರೆದದ್ದನ್ನು ಯಾರಾದರೂ ಓದುತ್ತಾರೆ ಅಂದಾಗ ಮಗು ಬರೆಯುವ ರೀತಿಯೇ ಬೇರೆ. ಸಂತೆಗೆ ಹೋಗುವಾಗ ಚೀಟಿ ಅದೇ ಬರೆಯಲಿ: ಉಳ್ಳಾಗಡ್ಡಿ, ಬದನೆಕಾಯಿ, ಮೆಂತೆಪಲ್ಲೆ. ಬರೆಯಲು ಮರೆತದ್ದು ಸಂತೆಯಿಂದ ಬರುವುದಿಲ್ಲ, ಅದೇ ಪಾಠ.

ನಮ್ಮ ಕಡೆ ಗುಳೆ ಹೋದ ಮನೆಗಳು ಬಹಳ. ಅಪ್ಪ ಅವ್ವ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ, ಮಕ್ಕಳು ಅಜ್ಜಿ ಹತ್ತಿರ. ಇಂಥ ಮಗುವಿಗೆ ಬರೆಯಲು ವಿಷಯ ಹುಡುಕಿಕೊಡಬೇಕಿಲ್ಲ. ವಾರಕ್ಕೊಂದು ಚೀಟಿ ಅಪ್ಪನಿಗೆ ಬರೆಯಲಿ. ಅಂಚೆಗೆ ಹಾಕಬೇಕಿಲ್ಲ, ಕಾಕಾನ ಫೋನಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡಿದರಾಯಿತು. ಅಪ್ಪನಿಗೆ ಬರೆಯಲು ಬಾರದಿದ್ದರೆ ವಾಯ್ಸ್ ಮೆಸೇಜ್‌ನಲ್ಲಿ ಉತ್ತರ ಕಳಿಸಲಿ, ಮಗು ಅದನ್ನು ಕೇಳಿ ಎರಡು ಸಾಲು ಬರೆದಿಡಲಿ. ಫೋನಿನಲ್ಲೇ ಟೈಪ್ ಮಾಡಿಸುವುದು ಚಿಕ್ಕ ಮಕ್ಕಳಿಗೆ ಬೇಡ ಅನ್ನುತ್ತೇನೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ತಾನೇ ಬರುತ್ತದೆ, ಗುಣಿತ ಮತ್ತು ಒತ್ತಿನ ಕೆಲಸವನ್ನೆಲ್ಲ ಫೋನೇ ಮಾಡಿಬಿಡುತ್ತದೆ. ಮಗು ಕಲಿಯಬೇಕಾದದ್ದು ಅದನ್ನೇ ತಾನೇ?

ಮನೆಯ ಮಾತು ತೆಲುಗೋ, ಉರ್ದುವೋ, ಲಂಬಾಣಿಯೋ ಆಗಿದ್ದರೆ

ಗಂಗಾವತಿ, ಸಿಂಧನೂರಿನ ಕಡೆ ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು. ಬಳ್ಳಾರಿಯ ಎಷ್ಟೋ ಓಣಿಗಳಲ್ಲಿ ತೆಲುಗು, ಉರ್ದು. ತಾಂಡಾಗಳಲ್ಲಿ ಲಂಬಾಣಿ. ಇಂಥ ಮನೆಯವರಿಗೆ ಕೆಲವರು “ಮನೆಯಲ್ಲೂ ಕನ್ನಡವೇ ಮಾತಾಡಿ” ಅಂತ ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ತಾಯಿಗೆ ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಗು ಕೇಳುವುದು “ಬಾ, ಹೋಗು, ಉಣ್ಣು” ಇಷ್ಟೇ. ಅವಳದೇ ಭಾಷೆಯಲ್ಲಿ ಆದರೆ ಕಥೆ, ಗಾದೆ, ಜಗಳ, ಲಾಲಿ ಎಲ್ಲ ಸಿಗುತ್ತದೆ. ಕಥೆ ಹೇಗೆ ಶುರುವಾಗುತ್ತದೆ, ಕಾರಣ ಹೇಗೆ ಹೇಳುವುದು ಅನ್ನುವುದನ್ನು ಮಗು ಒಂದು ಭಾಷೆಯಲ್ಲಿ ಕಲಿತರೆ ಇನ್ನೊಂದಕ್ಕೆ ಒಯ್ಯುತ್ತದೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಇದೇ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಸಾಧ್ಯವಿದ್ದ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಕೆ ಇರಲಿ ಅಂತಲೇ ಹೇಳುತ್ತದೆ.

ಲಿಪಿ ಬೇರೆ, ಭಾಷೆ ಬೇರೆ ಅನ್ನುವುದನ್ನು ಮಗುವಿಗೆ ತೋರಿಸಬೇಕಾದರೆ ನಮಗೆ ದೂರ ಹೋಗಬೇಕಿಲ್ಲ. ಕೊಪ್ಪಳದ ಗವಿಮಠದ ಬೆಟ್ಟ, ಪಾಲ್ಕಿಗುಂಡು, ಹಾಗೇ ಮಸ್ಕಿ, ಇಲ್ಲೆಲ್ಲ ಅಶೋಕನ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಭಾಷೆ ಇಲ್ಲಿಯ ಜನ ಮನೆಯಲ್ಲಿ ಆಡುತ್ತಿದ್ದದ್ದಲ್ಲ. ಆದರೆ ಅದೇ ಬ್ರಾಹ್ಮಿಯಿಂದ ಮುಂದೆ ಕನ್ನಡ, ತೆಲುಗು ಲಿಪಿಗಳು ಬೆಳೆದು ಬಂದವು. ಲಂಬಾಣಿ ಅಜ್ಜಿ ಹೇಳಿದ ಕಥೆಯನ್ನು ಮಗು ಅದೇ ಭಾಷೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆಯಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬರೆದರೆ ಅಕ್ಷರಾಭ್ಯಾಸವೂ ಆಯಿತು, ಕಥೆಯೂ ಉಳಿಯಿತು.

ಓದು ಬಾರದ ಮನೆಯವರು ಏನು ಮಾಡಬಹುದು

“ನಮಗೇ ಓದಾಕ ಬರಂಗಿಲ್ಲ, ನಾವೇನ್ ಕಲಿಸೂಣು?” ಅನ್ನುವವರಿಗೆ: ಕೇಳಿಸಿಕೊಳ್ಳುವ ಕೆಲಸಕ್ಕೆ ಓದು ಬೇಕಿಲ್ಲ. ಮಗು ಗಟ್ಟಿಯಾಗಿ ಓದಲಿ, ಅಜ್ಜಿ ರೊಟ್ಟಿ ಬಡಿಯುತ್ತಾ “ಆಮ್ಯಾಲೆ?” ಅನ್ನಲಿ. ಓದಿ ಮುಗಿಸಿದ ಮೇಲೆ “ನನಗ ತಿಳಿಲಿಲ್ಲ, ನಿನ್ನ ಮಾತಿನ್ಯಾಗ ಹೇಳು” ಅನ್ನಲಿ. ಅರ್ಥವಾಗದೆ ಓದಿದ ಮಗು ಅಲ್ಲೇ ಸಿಕ್ಕಿಬೀಳುತ್ತದೆ. ಬರೆದುಕೊಳ್ಳುವ ಕೆಲಸವನ್ನು ಮನೆಯ ದೊಡ್ಡ ಮಗುವಿಗೆ ಕೊಡಿ, ಅದಕ್ಕೂ ಅಭ್ಯಾಸ.

ಮಗು ಎಲ್ಲಿದೆ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಮಗುವಿಗೆ ಕೊಡುವುದು ಇಷ್ಟೇ: ಕೆಲವು ಅಕ್ಷರ, ಕೆಲವು ಪದ, ನಾಲ್ಕು ಸಾಲಿನ ಒಂದು ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ. ಮಗು ಎಲ್ಲಿಯವರೆಗೆ ಸಲೀಸಾಗಿ ಓದುತ್ತದೋ ಅದೇ ಅದರ ಮಟ್ಟ, ತರಗತಿ ಯಾವುದಾದರೂ ಇರಲಿ. ಮನೆಯಲ್ಲಿ ಓದಿಸುವ ಪುಸ್ತಕ ಆ ಮಟ್ಟದ್ದಿರಬೇಕು. ಐದನೇ ತರಗತಿಯ ಮಗುವಿಗೆ ಪದವಷ್ಟೇ ಓದಲು ಬಂದರೆ ಒಂದನೇ ತರಗತಿ ಪುಸ್ತಕ ಕೊಡಲು ನಾಚಿಕೆ ಬೇಡ.

ಪುಸ್ತಕಕ್ಕೆ ದುಡ್ಡು ಹಾಕಲೇಬೇಕು ಅಂತಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರು ಅರಿವು ಕೇಂದ್ರ, ನಿಮ್ಮ ಪಂಚಾಯಿತಿಯಲ್ಲೂ ಇರಬಹುದು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಫೋನ್ ಇದ್ದರೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ನಾಲ್ಕು ಮಟ್ಟದಲ್ಲಿ ಬೇರೆ ಮಾಡಿಟ್ಟಿದ್ದಾರೆ.

ಇಷ್ಟೆಲ್ಲ ತಿಂಗಳುಗಟ್ಟಲೆ ಮಾಡಿದ ಮೇಲೂ ಮೂರು, ನಾಲ್ಕನೇ ತರಗತಿಯ ಮಗು ಅದದೇ ಅಕ್ಷರ ಮರೆಯುತ್ತಿದ್ದರೆ, ಬಾಯಲ್ಲಿ ಚುರುಕಿದ್ದೂ ಪುಟದ ಮುಂದೆ ಮಾತ್ರ ಕುಸಿಯುತ್ತಿದ್ದರೆ, ಸೋಮಾರಿ ಅಂತ ಬೈಯಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಬೋರ್ಡಿನ ಅಕ್ಷರ ಮಸುಕಾಗಿ ಕಾಣುವುದನ್ನು ಎಷ್ಟೋ ಮಕ್ಕಳು ಹೇಳುವುದೇ ಇಲ್ಲ, ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತವೆ. ಎರಡೂ ಸರಿಯಿದ್ದರೆ ಅದು ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದನ್ನೂ ಸೇರಿಸಿದ್ದಾರೆ. ಸರ್ಕಾರಿ ಶಾಲೆ ಮತ್ತು ಅಂಗನವಾಡಿಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ತಪಾಸಣೆಗೆ ಬರುತ್ತದೆ. ಆ ದಿನ ಯಾವುದು ಅಂತ ಶಾಲೆಯಲ್ಲಿ ಕೇಳಿಟ್ಟುಕೊಳ್ಳಿ, ಮಗುವನ್ನು ತಪ್ಪಿಸಬೇಡಿ. ಮನೆಯಲ್ಲಿ ಬರೆಸಿದ ನೋಟ್‌ಬುಕ್ಕನ್ನೂ ಕೈಯಲ್ಲಿ ಕೊಟ್ಟು ಕಳಿಸಿ. ಯಾವ ತಪ್ಪು ಎಷ್ಟು ತಿಂಗಳಿಂದ ಮರುಕಳಿಸುತ್ತಿದೆ ಅಂತ ಅದರಲ್ಲಿ ಅವರಿಗೇ ಕಾಣುತ್ತದೆ.